ಮೊದಲು ತಿರುಗಿ ಬಂದದ್ದು ತೆಲುಗು

ನಾನು ಹನ್ನೊಂದು ವರ್ಷ ಬಸ್ ಕಂಡಕ್ಟರ್ ಆಗಿ ದುಡಿದವಳು. ಜಹೀರಾಬಾದಿನಿಂದ ನಾರಾಯಣಖೇಡ, ಜಹೀರಾಬಾದಿನಿಂದ ತಾಂಡೂರು, ನಡುನಡುವೆ ಬೀದರ. ಗಡಿಯ ನಮ್ಮ ಈ ದಾರಿಗಳಲ್ಲಿ ಬಸ್ಸು ಹತ್ತುವವರು ಮೂರು ಭಾಷೆಯವರು. ಅವರು ಬಾಯಿ ತೆರೆಯುವ ಮೊದಲೇ, ಕನ್ನಡದಲ್ಲಿ ಕೇಳಬೇಕೋ ತೆಲುಗಿನಲ್ಲೋ ಉರ್ದುವಿನಲ್ಲೋ ಎಂಬುದು ನನಗೆ ಗೊತ್ತಾಗುತ್ತಿತ್ತು. ಹೇಗೆ ಗೊತ್ತಾಗುತ್ತಿತ್ತು ಎಂದರೆ ಹೇಳಲಾರೆ. ಹುಟ್ಟಿದ್ದು ಕಲ್ಹೇರ್ ಹತ್ತಿರದ ಹಳ್ಳಿಯಲ್ಲಿ, ಕುರಿ ಸಾಕುವ ಮನೆಯಲ್ಲಿ. ಏಳನೆಯವರೆಗೆ ಕನ್ನಡ ಶಾಲೆ, ಮುಂದೆ ತೆಲುಗು. ಗಂಡ ಶರಣಪ್ಪನದು ರಾಯಿಕೋಡ್ ಕಡೆ ಊರು, ಅಲ್ಲಿ ಹೊಲ ಮಾಡುತ್ತಾನೆ. ನನ್ನ ನೌಕರಿಗಾಗಿ, ಮಗಳು ಸ್ವಾತಿಯ ಓದಿಗಾಗಿ ಜಹೀರಾಬಾದಿನಲ್ಲಿ ಮನೆ ಮಾಡಿದ್ದೆವು.

ತೊಗರಿ ಹೂವಾಡುವ ಕಾಲ. ಬೆಳಗಿನ ಬಸ್ಸು, ನಾರಾಯಣಖೇಡ ದಾಟಿ ಕಲ್ಹೇರ್ ಕಡೆ ಹೋಗುವಂಥದು. ತುಂಬಿತ್ತು. ಹಿಂದಿನ ಸೀಟಿನ ಮುದುಕಿಯೊಬ್ಬಳು ಕಲ್ಹೇರಿಗೆ ಟಿಕೆಟ್ ಕೊಡು ಅಂದಳು. ನಾನು ಮಿಷನ್ನಿನ ಮೇಲೆ ಬೆರಳಿಟ್ಟೆ. ಆಕೆ ಯಾವ ಊರು ಹೇಳಿದಳೆಂದು ನನಗೆ ತಿಳಿಯಲಿಲ್ಲ. ಮತ್ತೊಮ್ಮೆ ಹೇಳಿದಳು. ಕಿವಿಗೆ ಕೇಳಿಸಿತು, ತಲೆಗೆ ಹತ್ತಲಿಲ್ಲ. ಅದು ನನ್ನ ತವರಿನ ಪಕ್ಕದ ಊರಿನ ಹೆಸರು. ಆಮೇಲೆ ಮಿಷನ್ ಬಿತ್ತು. ಬಗ್ಗಿ ಎತ್ತಬೇಕೆಂದರೆ ಬಲಗೈ ಬರಲಿಲ್ಲ. ಯಾರೋ ನಕ್ಕರು, ನನ್ನ ಮುಖ ನೋಡಿ ನಗು ನಿಲ್ಲಿಸಿದರು.

ಡ್ರೈವರ್ ಯಾದಯ್ಯ ಕನ್ನಡಿಯಲ್ಲಿ ನೋಡಿದನಂತೆ. ಆತನ ತಂದೆಗೂ ಹೀಗೆಯೇ ಬಾಯಿ ವಾರೆಯಾಗಿತ್ತಂತೆ. ನಡುವಿನ ಯಾವ ಸ್ಟಾಪಿನಲ್ಲಿಯೂ ನಿಲ್ಲಿಸದೆ, ತುಂಬಿದ ಬಸ್ಸನ್ನು ಹಾಗೆಯೇ ನಾರಾಯಣಖೇಡದ ದವಾಖಾನೆಯ ಬಾಗಿಲಿಗೆ ಒಯ್ದ. ತಮ್ಮ ಊರು ದಾಟಿ ಹೋದರೂ ಒಬ್ಬರೂ ಇಳಿಸು ಎನ್ನಲಿಲ್ಲ. ಟಿಕೆಟ್ ಸಿಗದ ಆ ಮುದುಕಿ ನನ್ನ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಆಕೆಯ ಹೆಸರು ನನಗೆ ಇಂದಿಗೂ ಗೊತ್ತಿಲ್ಲ. ಆಮೇಲೆ ಎಷ್ಟೋ ಸಲ ಕಲ್ಹೇರ್ ಸ್ಟ್ಯಾಂಡಿನಲ್ಲಿ ಮುದುಕಿಯರ ಮುಖ ನೋಡುತ್ತ ನಿಂತಿದ್ದೇನೆ. ಗುರುತು ಹತ್ತಿಲ್ಲ.

ಅಲ್ಲಿಂದ ಅಂಬುಲೆನ್ಸಿನಲ್ಲಿ ಹೈದರಾಬಾದಿಗೆ. ಅಲ್ಲಿನ ಮೊದಲ ನಾಲ್ಕೈದು ದಿನ ನನ್ನ ನೆನಪಿನಲ್ಲಿ ಹರಿದ ಕಾಗದದ ಹಾಗಿವೆ. ಮಿದುಳಿಗೆ ರಕ್ತ ಹೋಗುವ ದಾರಿ ಕಟ್ಟಿದೆ ಎಂದರು. ನಮ್ಮ ಕಡೆ ಅದಕ್ಕೆ ಒಂದೇ ಹೆಸರು, ಲಕ್ವಾ. ಬಲಗೈ, ಬಲಗಾಲು ಸೋತಿದ್ದವು. ಅದರ ಭಯ ಅಷ್ಟಿರಲಿಲ್ಲ. ಭಯವಾದದ್ದು ಬೇರೆ. ನಾನು ಗಂಡನಿಗೆ ‘ನೀರು ಕೊಡು’ ಎಂದು ಹೇಳಿದೆ. ಹೇಳಿದೆನೆಂದೇ ನನಗೆ ಅನಿಸಿತು. ಅವನು ಗಾಬರಿಯಿಂದ ನೋಡಿದ. ಮತ್ತೆ ಹೇಳಿದೆ. ಆಗ ನನ್ನ ಬಾಯಿಂದ ಬಂದದ್ದು ನನಗೇ ಕೇಳಿಸಿತು. ‘ಪೋನೀ.’

ಜನ ಹತ್ತಿ ಇಳಿದ ಮೇಲೆ, ಗಾಡಿ ಹೋಗಲಿ ಎಂದು ಕಂಡಕ್ಟರ್ ಡ್ರೈವರನಿಗೆ ಹೇಳುವ ಮಾತು ಅದು. ದಿನಕ್ಕೆ ನೂರಾರು ಸಲ, ಹನ್ನೊಂದು ವರ್ಷ ಹೇಳಿದ್ದೆ. ಎಲ್ಲ ಮಾತೂ ಹೋಗಿ ಅದೊಂದು ಉಳಿದಿತ್ತು. ನೀರು ಬೇಕೆಂದರೂ ಪೋನೀ, ಹಸಿವಾದರೂ ಪೋನೀ, ಸ್ವಾತಿಯನ್ನು ಕರೆದರೂ ಪೋನೀ. ತೆಲುಗಿನಲ್ಲಿ ಅದಕ್ಕೆ ‘ಹೋಗಲಿ ಬಿಡು’ ಎಂಬ ಅರ್ಥವೂ ಇದೆ. ಪಕ್ಕದ ಮಂಚದ ರೋಗಿಯ ಹೆಂಡತಿ ಶರಣಪ್ಪನಿಗೆ, ನಿನ್ನ ಹೆಂಡತಿ ಎಷ್ಟು ದೊಡ್ಡ ಮಾತು ಆಡುತ್ತಾಳೆ ನೋಡು, ಎಲ್ಲ ಬಿಟ್ಟವಳ ಹಾಗೆ ಅಂದಳಂತೆ. ಅವನು ಹೊರಗೆ ಹೋಗಿ ಅತ್ತು ಬಂದ. ನಾನು ಏನನ್ನೂ ಬಿಟ್ಟಿರಲಿಲ್ಲ. ಎಲ್ಲವೂ ಬೇಕಾಗಿತ್ತು, ಕೇಳಲು ಬಾಯಿ ಇರಲಿಲ್ಲ.

‘ರಿಕವರಿ’ ಎಂಬ ಮಾತನ್ನು ಡಾಕ್ಟರರ ಬಾಯಲ್ಲಿ ನಾನು ಮೊದಲು ಕೇಳಿದ್ದು ಆ ವಾರ್ಡಿನಲ್ಲಿ. ರಿಕವರಿ ಆಗುತ್ತದೆ, ಆದರೆ ಎಷ್ಟು ಎಂದು ಈಗಲೇ ಹೇಳಲಾಗದು ಎಂದು ಅವರು ಶರಣಪ್ಪನಿಗೆ ಹೇಳುತ್ತಿದ್ದರು. ಡಿಪೊದಲ್ಲಿ ರಿಕವರಿ ಎಂದರೆ ಒಂದು ಗಾಡಿ. ದಾರಿಯಲ್ಲಿ ಬಸ್ಸು ಕೆಟ್ಟು ನಿಂತರೆ ಫೋನ್ ಮಾಡುತ್ತಿದ್ದೆವು, ರಿಕವರಿ ಬರುತ್ತಿತ್ತು, ಕೊಂಡಿ ಹಾಕಿ ಎಳೆದುಕೊಂಡು ಹೋಗುತ್ತಿತ್ತು. ಮಂಚದ ಮೇಲೆ ಬಿದ್ದ ನನ್ನ ಕಣ್ಣಿಗೆ ಆ ಗಾಡಿಯೇ ಬಂತು. ಇನ್ನು ನನಗೂ ಕೊಂಡಿ ಹಾಕುತ್ತಾರೆ ಅಂದುಕೊಂಡು ಅರ್ಧ ಬಾಯಲ್ಲಿ ನಕ್ಕೆ. ಡಾಕ್ಟರು ಅದನ್ನು ಒಳ್ಳೆಯ ಲಕ್ಷಣ ಎಂದು ಬರೆದುಕೊಂಡರು.

ಅವ್ವ ಐದನೇ ದಿನ ಬಂದಳು. ಅಣ್ಣ ಬೀರಪ್ಪ ಕರೆದುಕೊಂಡು ಬಂದ. ಅವ್ವನ ಹೆಸರು ಮಾಳವ್ವ. ಹೈದರಾಬಾದನ್ನು ಅದಕ್ಕೂ ಮೊದಲು ನೋಡಿದವಳಲ್ಲ. ಆಕೆಗೆ ಕನ್ನಡ ಬಿಟ್ಟು ಬೇರೆ ಬರುತ್ತಿರಲಿಲ್ಲ. ಸಂತೆಗೆ, ಕುರಿ ವ್ಯಾಪಾರಕ್ಕೆ ಬೇಕಾದ ನಾಲ್ಕು ತೆಲುಗು ಮಾತು, ನಾಲ್ಕು ಉರ್ದು ಮಾತು ಅಷ್ಟೇ. ಬಂದವಳೇ ನನ್ನ ಸೋತ ಕೈಯನ್ನು ಎತ್ತಿ ತನ್ನ ಕೆನ್ನೆಗೆ ಇಟ್ಟುಕೊಂಡು, “ನನ್ನ ಗುರ್ತು ಹಿಡೀತಿ ಏನವ್ವಾ?” ಅಂದಳು.

ಗುರುತು ಇತ್ತು. ಆಕೆಯ ಮುಖ, ಸೀರೆಗೆ ಹತ್ತಿದ ಉಣ್ಣೆಯ ವಾಸನೆ, ಎಲ್ಲ ಗೊತ್ತಿತ್ತು. ಆಕೆಯ ಮಾತು ಮಾತ್ರ ಪಕ್ಕದ ಕೋಣೆಯಲ್ಲಿ ಯಾರೋ ಆಡಿದಂತೆ ಕೇಳುತ್ತಿತ್ತು. ದನಿ ಗೊತ್ತು, ಅರ್ಥ ಅರ್ಧ. ಉತ್ತರ ಕೊಡಬೇಕೆಂದು ಬಾಯಿ ತೆರೆದೆ. ಬಂದದ್ದು ಅದೇ ಒಂದು ಮಾತು. ಅವ್ವನಿಗೆ ಆ ಮಾತು ಗೊತ್ತಿತ್ತು, ಬಸ್ಸಿನಲ್ಲಿ ಕೇಳಿದ್ದಳು. “ಹೋಗಾಕ ಬಂದಿಲ್ಲವ್ವ, ನಾ ಇಲ್ಲೇ ಇರ್ತೀನಿ” ಅಂದು ಮಂಚದ ಕೆಳಗೆ ಚಾಪೆ ಹಾಸಿದಳು.

ಮೂರನೇ ವಾರದ ಹೊತ್ತಿಗೆ ಮಾತು ಬರಲು ಶುರುವಾಯಿತು. ಮನೆಗೆ ಬಂದಿದ್ದೆವು. ಸ್ವಾತಿ ಕುಡಿಯಲು ಏನೋ ಹಿಡಿದು ಬಂದಾಗ ನಾನು ‘ನೀಳ್ಳು’ ಅಂದೆ. ತೆಲುಗಿನಲ್ಲಿ ನೀರು. ಮನೆಯಲ್ಲಿ ಹಬ್ಬವಾಯಿತು. ಶರಣಪ್ಪ ರಾಯಿಕೋಡಿಗೆ ಫೋನ್ ಹಚ್ಚಿ, ಮಾತು ಬಂತು ಎಂದು ಹೇಳಿದ. ಮರುದಿನ ಅನ್ನಂ, ಮೂರನೇ ದಿನ ನೊಪ್ಪಿ, ಅಂದರೆ ನೋವು. ಹದಿನೈದು ದಿನದಲ್ಲಿ ಎರಡು ಮಾತು ಜೋಡಿಸಿ ಆಡತೊಡಗಿದೆ. ಎಲ್ಲವೂ ತೆಲುಗು. ಕನ್ನಡ ಒಂದೂ ಇಲ್ಲ.

ಅವ್ವ ಮೊದಲು ಕಾದಳು. ಆಮೇಲೆ ಕೇಳಿಯೇ ಕೇಳಿದಳು. ತಟ್ಟೆ ತೋರಿಸಿ “ಇದೇನು?” ಅನ್ನುವಳು. ನನಗೆ ರೊಟ್ಟಿ ಕಾಣುತ್ತಿತ್ತು. ಹುಟ್ಟಿದಾಗಿನಿಂದ ತಿಂದ ಜೋಳದ ರೊಟ್ಟಿ. ಹೆಸರು ಹುಡುಕಿದರೆ ಬಾಯಿಗೆ ‘ರೊಟ್ಟೆ’ ಬರುತ್ತಿತ್ತು. ಒಂದು ಅಕ್ಷರದ ವ್ಯತ್ಯಾಸ. ಅವ್ವ ತಲೆ ಅಲ್ಲಾಡಿಸಿ ರೊಟ್ಟಿ ಮುರಿದು ನನ್ನ ಬಾಯಿಗೆ ಇಡುವಳು. ಒಂದು ದಿನ ಪಡಸಾಲೆಯಲ್ಲಿ ಶರಣಪ್ಪನ ಮುಂದೆ ಆಕೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

“ಮಗಳು ನನ್ನ ಕೂಡ ನೌಕರಿ ಮಾತು ಆಡ್ತಾಳ್ರಿ. ಮನಿ ಮಾತು ಎಲ್ಲಿಟ್ಟಾಳೋ ಏನೋ.”

ಜಹೀರಾಬಾದಿನ ದವಾಖಾನೆಗೆ ಮಾತು ಕಲಿಸುವ ಮೇಡಂ ವಾರಕ್ಕೆ ಎರಡು ದಿನ ಬರುತ್ತಿದ್ದರು. ಅವರ ಕೋಣೆಯ ಹೊರಗೆ ಉದ್ದ ಬೆಂಚು. ಆ ಬೆಂಚಿನ ಮೇಲೆ ನಾನು ಕಳೆದ ಹೊತ್ತು ಬಸ್ಸಿನಲ್ಲಿ ಕಳೆದ ಹೊತ್ತಿಗಿಂತ ದೀರ್ಘವೆಂದು ನನಗೆ ಅನಿಸುತ್ತದೆ. ಅಲ್ಲಿ ಕೂತವರಿಗೆಲ್ಲ ಮಾತು ಇಲ್ಲ, ಜೊತೆಗೆ ಬಂದವರೇ ಮಾತಾಡುವವರು. ತೆಲುಗಿನವರು ಕೇಳುತ್ತಿದ್ದರು, ತಗ್ಗಿಂದಾ? ಉರ್ದುವಿನವರು, ಕಮ್ ಹುವಾ? ನಮ್ಮವರು, ಕಡಿಮಿ ಆತೇನು? ಎಲ್ಲರೂ ಕೇಳುತ್ತಿದ್ದುದು ಒಂದೇ, ಬೇನೆ ಇಳಿಯಿತೇ ಎಂದು. ಬೇನೆ ಕಡಿಮೆಯಾಗುವುದೇ ವಾಸಿಯಾಗುವುದು ಎಂಬ ಲೆಕ್ಕ. ನನಗೆ ಮಾತ್ರ ಅದು ಹೊಂದುತ್ತಿರಲಿಲ್ಲ. ಕಡಿಮೆಯಾದದ್ದು ಬೇನೆಯಲ್ಲ, ನಾನು.

ಮೇಡಂ ದೂರದ ಕೃಷ್ಣಾ ಜಿಲ್ಲೆಯ ತೆಲುಗಿನವರು, ಒಳ್ಳೆಯವರು. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಚಿತ್ರ ತೋರಿಸಿ ತೆಲುಗಿನಲ್ಲಿ ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ, ಅವರು ಫೈಲಿನಲ್ಲಿ ಬರೆಯುತ್ತಿದ್ದರು. ಒಂದು ದಿನ ಫೈಲಿನ ಮೇಲೆ ‘ಗುಡ್ ರಿಕವರಿ’ ಎಂದು ಬರೆದರು. ಅವ್ವ ಪಕ್ಕದಲ್ಲಿ ಕೂತು ನನ್ನ ತೆಲುಗನ್ನು ಕೇಳುತ್ತಿದ್ದಳು. ಏನು ಬರೆದರು ಎಂದು ಸ್ವಾತಿಯನ್ನು ಕೇಳಿದಳು. ಸ್ವಾತಿಯ ಓದು ಇಂಗ್ಲಿಷಿನಲ್ಲಿ, ಗೆಳತಿಯರ ಜೊತೆ ಮಾತು ತೆಲುಗಿನಲ್ಲಿ, ಕನ್ನಡ ಹರಕು ಮುರುಕು. ಅಜ್ಜಿಗೆ ಹೇಗೆ ಹೇಳುವುದೆಂದು ತಿಳಿಯದೆ ಫೋನಿನಲ್ಲಿ ಹುಡುಕಿದಳು. ಹುಡುಕಿ, ಇದು ಬಹಳ ಹಳೆಯ ಮಾತು, ಲ್ಯಾಟಿನ್ ಎಂಬ ಹಳೆಯ ಭಾಷೆಯಿಂದ ಫ್ರೆಂಚಿಗೆ ಬಂದು ಅಲ್ಲಿಂದ ಇಂಗ್ಲಿಷಿಗೆ ಬಂದಿದೆಯಂತೆ, ಕಳೆದದ್ದನ್ನು ತಿರುಗಿ ಪಡೆಯುವುದು ಎಂದು ಅದರ ಅರ್ಥವಂತೆ ಎಂದು ಎಡವುತ್ತ ವಿವರಿಸಿದಳು.

ಅವ್ವ ಪೂರ್ತಿ ಕೇಳಿದಳು. “ಹಂಗಂದ್ರ ನನ್ನ ಕೂಡ ಆಡೋ ಮಾತು ತಿರುಗಿ ಸಿಕ್ಕಿಲ್ಲ ಅಂತ ಬರೀಬೇಕಲ್ಲ” ಅಂದಳು.

ಸ್ವಾತಿ ಅದನ್ನು ಮೇಡಮ್ಮನಿಗೆ ತೆಲುಗಿನಲ್ಲಿ ಹೇಳಲಿಲ್ಲ. ನಾನು ಹೇಳಬಹುದಿತ್ತು, ನನಗೆ ತೆಲುಗು ಬರುತ್ತಿತ್ತು. ಹೇಳಲಿಲ್ಲ. ನಾಚಿಕೆಯಾಯಿತು.

ಆ ದಿನಗಳಲ್ಲಿ ನಾನು ಮತ್ತು ಅವ್ವ ಮಾತಾಡಬೇಕಾದರೆ ನಡುವೆ ಸ್ವಾತಿ ಬೇಕಾಗುತ್ತಿತ್ತು. ಅವ್ವ ಕನ್ನಡದಲ್ಲಿ ಏನೋ ಹೇಳುವಳು, ನನಗೆ ಅರ್ಧ ತಿಳಿಯುವುದು. ನಾನು ತೆಲುಗಿನಲ್ಲಿ ಹೇಳುವೆ, ಸ್ವಾತಿ ಅದನ್ನು ಹರಕು ಕನ್ನಡದಲ್ಲಿ ಅಜ್ಜಿಗೆ ಮುಟ್ಟಿಸುವಳು. ಸ್ವಾತಿ ಶಾಲೆಗೆ ಹೋದ ಮೇಲೆ ಇಬ್ಬರೂ ಮೂಕರು. ಅವ್ವ ನನ್ನ ಬಾಯಿ ತೊಳೆಯುವಳು, ತಲೆ ಬಾಚುವಳು, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತುತ್ತು ಮಾಡಿ ಇಡುವಳು. ಸ್ವಾತಿಗೆ ಮಾತ್ರ ನಾನು ತೆಲುಗು ಆಡುವುದೇ ಹಗುರವಾಗಿತ್ತು, ಅದನ್ನು ಅವಳು ಮುಚ್ಚಿಡಲಿಲ್ಲ. “ಈಗ ನೀನು ನನ್ನ ಗೆಳತಿಯರ ಅಮ್ಮಂದಿರ ಹಾಗೆ ಮಾತಾಡ್ತೀ” ಎಂದು ತೆಲುಗಿನಲ್ಲಿ ಹೇಳಿದಳು. ಅವಳಿಗೆ ಹದಿನಾಲ್ಕು ವರ್ಷ. ತಪ್ಪೆಂದು ನಾನು ಎಣಿಸಲಿಲ್ಲ. ಅವ್ವ ಮಾತ್ರ ಆ ಹೊತ್ತಿಗೆ ಎದ್ದು ಅಡುಗೆಮನೆಗೆ ಹೋದಳು.

ಮೂರು ತಿಂಗಳು ಕಳೆದ ಮೇಲೆ ಅವ್ವ ಒಂದು ತೀರ್ಮಾನ ಮಾಡಿದಳು. ನನ್ನನ್ನು ಊರಿಗೆ ಒಯ್ಯುತ್ತೇನೆ ಅಂದಳು. ಮೇಡಮ್ಮನ ಪಾಠ ತಪ್ಪುತ್ತದೆ ಎಂದು ಶರಣಪ್ಪ ಅನುಮಾನಿಸಿದ. ಅವ್ವ ಅವನಿಗೆ ಎದುರಾಡಿದವಳೇ ಅಲ್ಲ, ಆ ದಿನ ಆಡಿದಳು. “ಮಾತು ಎಲ್ಲಿ ಹುಟ್ಟಿತೋ ಅಲ್ಲೇ ಹುಡಕಬೇಕ್ರಿ. ಇಲ್ಲಿ ಬೆಂಚಿನ ಮ್ಯಾಲ ಹುಡಕಿದರ ಹ್ಯಾಂಗ ಸಿಗ್ತಾದ?” ಅವನು ಒಪ್ಪಿದ, ಸ್ವಾತಿಯ ಓದಿಗಾಗಿ ತಾನು ಜಹೀರಾಬಾದಿನಲ್ಲೇ ಉಳಿದ.

ಊರಿನಲ್ಲಿ ಅವ್ವನದೇ ಪಾಠ. ಬೆಳಿಗ್ಗೆ ಕುರಿದೊಡ್ಡಿಯ ಬಾಗಿಲಿಗೆ ಕಂಬಳಿ ಹಾಸಿ ನನ್ನನ್ನು ಕೂರಿಸುವಳು. ಎಳೆ ಮರಿಯನ್ನು ತಂದು ತೊಡೆಯ ಮೇಲೆ ಇಡುವಳು. ಸೋತ ಕೈಯನ್ನು ಹಿಡಿದು ಅದರ ಬೆನ್ನ ಮೇಲೆ ಎಳೆಯುತ್ತ, “ಮರಿ” ಅನ್ನುವಳು. ನಾನು ಅನ್ನಬೇಕು. ಅಂದರೆ ಅಂದೆ, ಇಲ್ಲವಾದರೆ ಇಲ್ಲ. ಕೈಗೆ ಉಣ್ಣೆ ಕೊಟ್ಟು ಉಣ್ಣೆ ಅನ್ನುವಳು, ನೀರಿನ ಕೊಡ ತೋರಿಸಿ ಕೊಡ ಅನ್ನುವಳು. ಬೇಸರವಿಲ್ಲ, ಬೈಗುಳವಿಲ್ಲ. ಊರಿನ ಹೆಂಗಸರು ನಿಂತು ನೋಡಿ, ನಲವತ್ತರ ಮಗಳಿಗೆ ಮಾತು ಕಲಿಸುವ ಅವ್ವ ಎಂದು ಮರುಗುತ್ತ ಹೋಗುವರು. ಅವರಲ್ಲಿ ಸಂಗವ್ವ ಎಂಬಾಕೆ, ಅವ್ವನ ವಾರಿಗೆಯವಳು, ದಿನವೂ ಬಂದು ಸ್ವಲ್ಪ ಹೊತ್ತು ಜೊತೆಗೆ ಕೂರುತ್ತಿದ್ದಳು.

ಒಂದು ತಿಂಗಳಿಗೆ ಹತ್ತು ಹನ್ನೆರಡು ಮಾತು ಬಂದವು. ಕುರಿ, ಮರಿ, ಹಾಲು, ಕೊಡ. ಬಿಡಿಬಿಡಿಯಾಗಿ, ಹೇಳಿಕೊಟ್ಟರೆ ಮಾತ್ರ. ಒಂದು ದಿನ ಹಿಂಡಿನಲ್ಲಿ ಬೇನೆ ಬಂದು ಬೇರೆ ಕಟ್ಟಿದ್ದ ಕುರಿಯೊಂದನ್ನು ಅಣ್ಣ ಬಿಟ್ಟ. ಅದು ನಾಲ್ಕು ದಿನದಿಂದ ಮೇವು ಮುಟ್ಟಿರಲಿಲ್ಲ. ಮುಂದೆ ಹಸಿ ಮೇವು ಇಟ್ಟಿದ್ದರೂ ಅದರ ಕಡೆ ನೋಡದೆ, ಕಾಲೆಳೆಯುತ್ತ ಹೋಗಿ ಹಿಂಡಿನ ನಡುವೆ ನಿಂತಿತು.

ಅವ್ವ ಅದನ್ನು ನನಗೆ ತೋರಿಸಿದಳು. “ನೋಡು, ಗುಣ ಆತು. ಉಂಡರ ಗುಣ ಆತು ಅಂತ ತಿಳೀಬ್ಯಾಡ. ಕುರಿ ಗುಣ ಏನದ? ಹಿಂಡಿನಾಗ ನಿಂದರೋದು. ಅದರ ಗುಣ ಅದಕ ತಿರುಗಿ ಬಂತು. ಅದಕಽ ಗುಣ ಆತು ಅಂತಾರ.”

ಗುಣ ಎನ್ನುವ ಮಾತನ್ನು ನಾವು ಎರಡು ಕಡೆ ಬಳಸುತ್ತೇವೆ. ಮನುಷ್ಯನ ಸ್ವಭಾವಕ್ಕೂ ಗುಣ, ಬೇನೆ ಬಿಟ್ಟು ಏಳುವುದಕ್ಕೂ ಗುಣ. ಆ ಎರಡೂ ಒಂದೇ ಎಂದು ನನಗೆ ಯಾರೂ ಹೇಳಿರಲಿಲ್ಲ. ವಿದ್ವಾಂಸರು ಒಪ್ಪುತ್ತಾರೋ ಇಲ್ಲವೋ ತಿಳಿಯದು. ಶಾಲೆಯಲ್ಲಿ ನಾವು ಓದಿದ ‘ಚೇತರಿಕೆ’ ಬೇರೆ, ಅದರೊಳಗೆ ಚೇತನ ಇದೆ, ಎಚ್ಚರ ಇದೆ. ಬಸ್ ಸ್ಟ್ಯಾಂಡಿನಲ್ಲಿ ಆಡುವ ‘ಆರಾಮ’ ಬೇರೆ, ಅದು ಪಾರಸಿಯಿಂದ ಉರ್ದುವಿಗೆ ಬಂದು ನಮ್ಮಲ್ಲಿ ಉಳಿದದ್ದು, ಅದಕ್ಕೆ ದಣಿವು ಆರಿದರೆ ಸಾಕು. ಅವ್ವನ ಗುಣ ಇವೆಲ್ಲಕ್ಕಿಂತ ಕಷ್ಟದ್ದು. ನನ್ನ ಗುಣ ಯಾವುದು? ಬಸ್ಸಿನ ಬಾಗಿಲಲ್ಲಿ ನಿಂತು ಮೂರು ಭಾಷೆಯಲ್ಲಿ ಕೂಗುವವಳೇ? ಅವ್ವನ ಮುಂದೆ ಕೂತು ದಿನದ ಸುದ್ದಿ ಹೇಳುವವಳೇ? ಯಾವುದು ತಿರುಗಿ ಬಂದರೆ ಗುಣ ಆಯಿತು ಎನ್ನುವುದು?

ಆಗ ಇಷ್ಟೆಲ್ಲ ಯೋಚಿಸುವ ಶಕ್ತಿ ನನಗಿರಲಿಲ್ಲ. ಅವ್ವನಿಗೆ ತಲೆ ಅಲ್ಲಾಡಿಸಿದೆ ಅಷ್ಟೇ.

ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ. ಆ ತಿಂಗಳುಗಳಲ್ಲಿ ಅವ್ವ ಸಣ್ಣಗಾಗುತ್ತ ಬಂದಳು. ನಾನು ನೋಡಿದೆ. ಮರಿ ಎತ್ತಿಕೊಳ್ಳಲು ಬಗ್ಗಿದಾಗ ಬಲ ಪಕ್ಕೆಯನ್ನು ಹಿಡಿದುಕೊಳ್ಳುತ್ತಿದ್ದಳು. ನನಗೆ ತುತ್ತು ಇಟ್ಟು ತಾನು ಅರ್ಧ ರೊಟ್ಟಿಗೇ ಏಳುತ್ತಿದ್ದಳು. ಕಣ್ಣು ಹಳದಿಯಾಗಿತ್ತು. ಮನೆಯಲ್ಲಿ ಬೇರೆ ಯಾರಿಗೂ ಅದು ಕಾಣಲಿಲ್ಲ, ಅವರು ಹೊಲಕ್ಕೆ, ಕುರಿಗೆ ಹೋಗುವವರು. ದಿನವಿಡೀ ಆಕೆಯ ಮುಖ ನೋಡುತ್ತ ಕೂತವಳು ನಾನೊಬ್ಬಳೇ. ಒಂದು ದಿನ ಆಕೆಯ ಪಕ್ಕೆಯನ್ನು ಮುಟ್ಟಿ ‘ನೊಪ್ಪಿ?’ ಎಂದೆ. ಅವ್ವನಿಗೆ ಅರ್ಥವಾಯಿತು. ನನ್ನ ಕೈ ತೆಗೆದು, “ಏನಿಲ್ಲವ್ವ, ಕುಂತು ಕುಂತು ಹಿಡದಾದ” ಅಂದಳು. ಮುಂದೆ ಕೇಳಲು ನನ್ನಲ್ಲಿ ಮಾತಿರಲಿಲ್ಲ. ಎಷ್ಟು ದಿನದಿಂದ ಎಂದು ಕೇಳಬೇಕು, ದವಾಖಾನೆಗೆ ಹೋಗು ಎಂದು ಜಗಳ ಮಾಡಬೇಕು, ಅಣ್ಣನನ್ನು ಕರೆದು ಹೇಳಬೇಕು. ಅಣ್ಣನಿಗೆ ತೆಲುಗು ಬರುತ್ತಿತ್ತು. ಅವನಿಗಾದರೂ ತೆಲುಗಿನಲ್ಲಿ ಹೇಳಬಹುದಿತ್ತು, ಆದರೆ ಗಾಬರಿಯಾದರೆ ನನ್ನ ತೆಲುಗೂ ಎರಡು ಮಾತಿಗೆ ನಿಂತುಬಿಡುತ್ತಿತ್ತು. ಸಂಜೆ ಅವನು ಬಂದಾಗ ‘ಅಮ್ಮ, ನೊಪ್ಪಿ’ ಎಂದೆ. ನನಗೇ ಎಲ್ಲೋ ನೋವಾಗುತ್ತಿದೆ, ಅವ್ವನನ್ನು ಕರೆಯುತ್ತಿದ್ದೇನೆ ಎಂದು ತಿಳಿದು ಅವನು ಅವ್ವನನ್ನೇ ಕರೆದು ತಂದ. ಆಕೆ ಬಂದು ನನ್ನ ಕಾಲೊತ್ತಿದಳು.

ಇದನ್ನು ಬರೆಯಲು ನನಗೆ ಬಹಳ ದಿನ ಹಿಡಿಯಿತು. ಬರೆಯದೆ ಬಿಡಬಹುದಿತ್ತು. ಆದರೆ ನನ್ನಂಥ ರೋಗಿ ಮನೆಯಲ್ಲಿದ್ದವರಿಗೆ ಇದನ್ನೇ ಮುಖ್ಯವಾಗಿ ಹೇಳಬೇಕಾಗಿದೆ. ರೋಗಿಯನ್ನು ನೋಡಿಕೊಳ್ಳುವವರನ್ನು ಯಾರಾದರೂ ಒಬ್ಬರು ನೋಡುತ್ತಿರಬೇಕು.

ಅವ್ವ ಅಂಗಳದಲ್ಲಿ ಬಿದ್ದ ಮೇಲೆಯೇ ಅಣ್ಣ ಜಹೀರಾಬಾದಿಗೆ ಒಯ್ದದ್ದು. ಪಿತ್ತಕೋಶದ ಗಡ್ಡೆ, ಯಕೃತ್ತಿಗೆ ಹಬ್ಬಿದೆ ಎಂದರು. ನನಗೆ ಅದೇ ಬೆಂಚು, ಅದೇ ದಾರಿ. ಈಗ ಮಂಚದ ಮೇಲೆ ಅವ್ವ, ಕೆಳಗೆ ನಾನು. ಡಾಕ್ಟರು ಹೊರಗೆ ಬಂದು ಅಣ್ಣನ ಜೊತೆ ಮೆಲ್ಲಗೆ ತೆಲುಗಿನಲ್ಲಿ ಮಾತಾಡಿದರು. ನನಗೆ ಪೂರ್ತಿ ಅರ್ಥವಾಯಿತು. ಆ ಒಂದು ಸಲ ನನಗೆ ತೆಲುಗು ಮರೆತಿದ್ದರೆ ಚೆನ್ನಾಗಿತ್ತು ಅನಿಸಿತು. ರಿಕವರಿ ಎನ್ನುವ ಮಾತನ್ನು ಅವರು ಒಮ್ಮೆಯೂ ಆಡಲಿಲ್ಲ.

ಅವ್ವ ಹತ್ತೊಂಬತ್ತು ದಿನ ಇದ್ದಳು. ಮನೆಗೆ ಒಯ್ಯಿರಿ ಎಂದು ಹಟ ಹಿಡಿದಳು, ಒಯ್ದೆವು. ಕಡೆಯ ವಾರದಲ್ಲಿ ಒಂದು ಬೆಳಿಗ್ಗೆ ನನ್ನನ್ನು ಹತ್ತಿರ ಕರೆದು, “ಹ್ಯಾಂಗದ ನಿಂದು?” ಎಂದು ಕೇಳಿದಳು. ನಾನು ಮೈಯೆಲ್ಲ ಬಾಯಿ ಮಾಡಿ ಹುಡುಕಿದೆ. ಬಹಳ ಹೊತ್ತಾದ ಮೇಲೆ “ಗುಣ” ಎನ್ನುವುದು ಬಂತು. ಅದರ ಮುಂದಿನದು ಬರಲಿಲ್ಲ. ಆಯಿತು ಎನ್ನುವುದೋ ಆಗಲಿಲ್ಲ ಎನ್ನುವುದೋ ಅವ್ವನಿಗೆ ಗೊತ್ತಾಗಲಿಲ್ಲ. ಆಕೆ ನನ್ನ ಮುಖ ನೋಡುತ್ತ ಮುಂದಿನ ಮಾತಿಗಾಗಿ ಕಾದಳು. ಕಾಯುತ್ತ ಕಣ್ಣು ಮುಚ್ಚಿ ನಿದ್ದೆ ಹೋದಳು. ಆ ದಿನ ಅಲ್ಲ, ನಾಲ್ಕು ದಿನದ ಮೇಲೆ, ಮಧ್ಯಾಹ್ನ ಕುರಿ ಹೊಡೆದುಕೊಂಡು ಹೋದ ಹೊತ್ತಿನಲ್ಲಿ ತೀರಿಕೊಂಡಳು.

ನಮ್ಮಲ್ಲಿ ಸತ್ತವರ ಮುಂದೆ ಹೆಂಗಸರು ಹಾಡಿ ಅಳುತ್ತಾರೆ. ಬರಿ ಅಳುವುದಲ್ಲ, ಸತ್ತವರು ಮಾಡಿದ್ದನ್ನೆಲ್ಲ ಒಂದೊಂದಾಗಿ ಹೇಳಿ ಅಳುವುದು. ತಾಯಿ ಸತ್ತರೆ ಮೊದಲ ಅಳು ಮಗಳದು. ಮಗಳು ಶುರುಮಾಡದೆ ಬೇರೆಯವರು ಬಾಯಿ ತೆರೆಯುವುದಿಲ್ಲ. ಅವ್ವನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹೆಂಗಸರು ಸುತ್ತ ಕೂತು ನನಗಾಗಿ ಕಾದರು. ನಾನು ಬಾಯಿ ತೆರೆದೆ. ಗಂಟಲಿನಿಂದ ಸದ್ದು ಬಂತು, ಮಾತು ಬರಲಿಲ್ಲ. ಮತ್ತೆ ಪ್ರಯತ್ನಿಸಿದೆ. ‘ಅವ್ವಾ’ ಅಲ್ಲ, ‘ಅಮ್ಮಾ’ ಎಂದು ಬಂತು. ಹಿಂದಿನಿಂದ ಯಾರೋ ಎಳೆಯ ಹೆಂಗಸು, ತೆಲುಗಿನಾಗ ಅಳ್ತಾಳ ನೋಡು ಎಂದು ಪಿಸುಗುಟ್ಟಿದ್ದು ಕೇಳಿಸಿತು. ಕೆಡುಕಿಲ್ಲದ ಮಾತು. ಆದರೂ ನಾನು ಬಾಯಿ ಮುಚ್ಚಿಕೊಂಡೆ.

ಸಂಗವ್ವ ಎದ್ದು ಬಂದು ನನ್ನ ಪಕ್ಕ ಒತ್ತಿ ಕೂತಳು. ನನ್ನ ಸೋತ ಕೈಯನ್ನು ತನ್ನ ಮಡಿಲಿಗೆ ಹಾಕಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. “ಅಕಿ ಬಾಯಾಗ ಮಾತಿಲ್ಲ. ಅಕಿ ಪಾಲಿಂದು ನಾ ಅಳ್ತೀನಿ.”

ಆಮೇಲೆ ಆಕೆ ಅತ್ತಳು. ತನ್ನ ಗೆಳತಿಗಾಗಿ ಅಲ್ಲ, ನಾನಾಗಿ ಅತ್ತಳು. ನನ್ನ ಬಾಯಿ ತೊಳದಿ ನನ್ನವ್ವ, ತುತ್ತು ಮಾಡಿ ಇಟ್ಟಿ ನನ್ನವ್ವ, ಕೂಸಿಗೆ ಕಲಿಸಿದಂಗ ನನಗ ಮಾತು ಕಲಿಸಿದಿ, ನಿನ್ನ ಬ್ಯಾನಿ ನನಗ ಹೇಳಲಿಲ್ಲ, ನಾ ಕೇಳಿದರ ಕಾಲು ಒತ್ತಿದಿ. ಆಕೆ ದಿನವೂ ಬಂದು ಕೂತದ್ದು ಸುಮ್ಮನೆ ಅಲ್ಲ, ಎಲ್ಲ ನೋಡಿದ್ದಳು. ನಾನು ಅವ್ವನ ಪಕ್ಕೆ ಮುಟ್ಟಿದ್ದನ್ನೂ ನೋಡಿದ್ದಳು. ನನ್ನೊಳಗೆ ಇದ್ದ ಒಂದೊಂದು ಮಾತೂ ಆಕೆಯ ಬಾಯಿಂದ ಹೊರಗೆ ಬಂತು. ನಾನು ಆಕೆಯ ಭುಜಕ್ಕೆ ತಲೆ ಇಟ್ಟು ಕೇಳುತ್ತ ಕೂತಿದ್ದೆ. ನನ್ನ ಬೇನೆಯ ಎರಡು ವರ್ಷಗಳಲ್ಲಿ ನನಗಾದ ದೊಡ್ಡ ಉಪಕಾರ ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಕನ್ನಡ ಬಂದದ್ದು ಅವ್ವ ಹೋದ ಮೂರನೇ ತಿಂಗಳು. ಅಣ್ಣನ ಮನೆಯಲ್ಲಿ ಒಲೆಯ ಮುಂದೆ ಕೂತಿದ್ದೆ. ಅತ್ತಿಗೆ ಆ ಕಡೆ ತಿರುಗಿ ಯಾರ ಜೊತೆಗೋ ಮಾತಾಡುತ್ತಿದ್ದಳು. “ರೊಟ್ಟಿ ಸೀಯಾಕತ್ತಾವ” ಅಂದೆ. ಯೋಚನೆ ಮಾಡದೆ, ಹುಡುಕದೆ. ಅತ್ತಿಗೆ ರೊಟ್ಟಿ ತೆಗೆಯುವುದನ್ನು ಬಿಟ್ಟು ನನ್ನನ್ನೇ ನೋಡಿದಳು. ಆಮೇಲೆ ಅಣ್ಣನನ್ನು ಕರೆಯಲು ಓಡಿದಳು. ಅಣ್ಣ ಬಂದು ಇನ್ನೊಮ್ಮೆ ಹೇಳು ಅಂದ. ಹೇಳಿದೆ. ಅವನು ಬಾಗಿಲಿಗೆ ಆತು ನಿಂತು ಕಣ್ಣೊರೆಸಿಕೊಂಡ. ಯಾರಿಗೆ ಕೇಳಬೇಕಿತ್ತೋ ಆಕೆಗೆ ಕೇಳಲಿಲ್ಲ ಎಂಬುದನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ರೊಟ್ಟಿ ಪೂರ್ತಿ ಸೀದುಹೋಯಿತು.

ಆ ದಿನದಿಂದ ಕನ್ನಡ ನಿಧಾನವಾಗಿ ಬರುತ್ತ ಹೋಯಿತು. ಎಲ್ಲ ಬಂದಿಲ್ಲ. ಈಗಲೂ ದಣಿದರೆ ತೆಲುಗೇ ಮೊದಲು ನಾಲಗೆಗೆ ಬರುತ್ತದೆ. ಕೆಲವು ಮಾತುಗಳು ಅವ್ವನ ಜೊತೆಗೇ ಹೋದವು. ಕುರಿಗಳ ಬಣ್ಣಕ್ಕೆ, ಕಿವಿಯ ಆಕಾರಕ್ಕೆ ಆಕೆ ಹೇಳುತ್ತಿದ್ದ ಹೆಸರುಗಳು ನನಗೆ ಗೊತ್ತಿದ್ದವು, ಈಗ ಇಲ್ಲ. ಬಸ್ಸಿಗೆ ನಾನು ತಿರುಗಿ ಹೋಗಲಿಲ್ಲ. ಡಿಪೊದ ಸ್ಟೋರಿನಲ್ಲಿ ಕೂರಿಸಿದ್ದಾರೆ. ಹೆಚ್ಚು ಮಾತು ಬೇಡದ ಕೆಲಸ. ಎಡಗೈಯಲ್ಲಿ ಬರೆಯಲು ಕಲಿತೆ. ಈ ಬರಹಕ್ಕೆ ಐದು ತಿಂಗಳು ಹಿಡಿದಿದೆ. ನನ್ನ ಜೊತೆ ಏಳನೆಯವರೆಗೆ ಓದಿ ಈಗ ಬೀದರಿನಲ್ಲಿ ಕನ್ನಡ ಕಲಿಸುವ ಗೆಳತಿ ತಪ್ಪು ತಿದ್ದಿದ್ದಾಳೆ. ಸ್ವಾತಿ ಅವಳ ಹತ್ತಿರ ಕನ್ನಡ ಅಕ್ಷರ ಕಲಿಯುತ್ತಿದ್ದಾಳೆ. ನಾನು ಹೇಳಿದ್ದಲ್ಲ, ತಾನಾಗಿಯೇ.

ಕಳೆದ ತಿಂಗಳು ಯಾದಯ್ಯ ಬಂದು, ತಾಂಡೂರಿನ ದವಾಖಾನೆಯಲ್ಲಿ ತನಗೆ ಗುರುತಿನವನೊಬ್ಬನಿಗೆ ಲಕ್ವಾ ಹೊಡೆದು ಮಾತು ನಿಂತಿದೆ, ಆತನ ಹೆಂಡತಿ ಅನ್ನ ನೀರು ಬಿಟ್ಟು ಕೂತಿದ್ದಾಳೆ, ಒಮ್ಮೆ ಬಂದು ನೋಡು ಅಂದ. ಪೆದ್ದೆಮುಲ್ ಕಡೆಯ ರೈತರು, ಕನ್ನಡದವರು. ಗಂಡ ಹಣಮಂತು, ಹೆಂಡತಿ ನಿಂಗಮ್ಮ. ಭಾನುವಾರ ಹೋದೆ. 

ಹಣಮಂತು ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ನಿಂಗಮ್ಮ ಎದ್ದು ನನಗೆ ಸ್ಟೂಲು ಕೊಟ್ಟಳು. ನನಗೂ ಹೀಗೆಯೇ ಆಗಿತ್ತು ಎಂದು ತಡೆತಡೆದು ಹೇಳಿದೆ. ಆಕೆ ನನ್ನ ಬಾಯನ್ನೇ ನೋಡುತ್ತ ಕೇಳಿದಳು.

“ಅಕ್ಕಾ, ಪೂರಾ ಗುಣ ಆಗ್ತಾದೇನ್ರಿ?”

ಹೌದು ಎನ್ನಬಹುದಿತ್ತು. ಹೈದರಾಬಾದಿನಲ್ಲಿ ನಮ್ಮನ್ನು ನೋಡಲು ಬಂದವರೆಲ್ಲ ಹೌದು ಎಂದೇ ಹೇಳಿ ಹೋಗಿದ್ದರು.

“ಪೂರಾ ಆಗಲ್ಲವ್ವ,” ಅಂದೆ. “ಯಾವುದು ಬರ್ತಾದ, ಯಾವುದು ಬರಲ್ಲ, ಯಾರಿಗೂ ಗೊತ್ತಿಲ್ಲ. ಆದರ ಕೇಳಸ್ತಾದ. ಎಲ್ಲಾ ಕೇಳಸ್ತಾದ. ನೀ ಮಾತಾಡೋದು ಬಿಡಬ್ಯಾಡ.”

“ಏನ್ ಮಾತಾಡ್ಲಿರಿ?”

“ದಿನಾ ಏನ್ ಆಡ್ತಿದ್ದಿ?”

ಆಕೆ ಸುತ್ತ ನೋಡಿದಳು. ತುಂಬಿದ ವಾರ್ಡು, ಎಲ್ಲ ತೆಲುಗಿನವರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಮಂಚದ ಅಂಚಿಗೆ ಕೂತು, ಗಂಡನ ಬೆನ್ನಿಗೆ ಕೈ ಇಟ್ಟು, ನಾಚುತ್ತ ಶುರುಮಾಡಿದಳು. ಕೆಂದ ಎಮ್ಮಿ ಈದಾದ್ರಿ, ಹೆಣ್ಣು ಕರ. ಮೊದಲ ಹಾಲು ನೆರೆಮನಿಯವರಿಗೆ ಕೊಡಾಕ ಹೇಳೀನಿ. ತೆಗ್ಗಿನ ಹೊಲದಾಗ ತೊಗರಿ ಮೊಣಕಾಲ ತನಕ ಬಂದಾದ, ನಿಮ್ಮ ತಮ್ಮ ನೋಡಿ ಬಂದಾನ. ಮಳಿ ಆಗ್ಯಾದ. ಆಕೆಯ ದನಿ ಮೆಲ್ಲಗೆ ಗಟ್ಟಿಯಾಯಿತು. ಹಣಮಂತು ಮುಖ ತಿರುಗಿಸಿದ. ಆತನ ಬಾಯಿ ಅಲ್ಲಾಡಿತು, ಏನೂ ಬರಲಿಲ್ಲ, ಕಣ್ಣು ಮಾತ್ರ ಆಕೆಯ ಮೇಲಿಂದ ಕದಲಲಿಲ್ಲ. ಆಕೆ ನನ್ನನ್ನು ಮರೆತು, ಬಾವಿಯ ಹಗ್ಗ ಹರಿದ ಸುದ್ದಿಗೆ ಬಂದಿದ್ದಳು. ನಾನು ಸ್ಟೂಲನ್ನು ಸದ್ದಾಗದಂತೆ ಹಿಂದಕ್ಕೆ ಸರಿಸಿ ಎದ್ದೆ.